ನಕ್ಷತ್ರದ ಫೋಟೋಗೆ ಲಕ್ಷಗಟ್ಟಲೆ ದುಡ್ಡು ಬೇಕಿಲ್ಲ, ಮೊದ್ಲು ಟೆಲಿಸ್ಕೋಪ್ ಕೊಳ್ಳೋದನ್ನ ಬಿಡಿ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಬಂದ ಆಕಾಶದ ಫೋಟೋಗ್ರಫಿ ಲೇಖನ ಓದ್ದೆ. ಫೋಟೋಗಳು ತುಂಬಾ ಚೆನ್ನಾಗಿದ್ವು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಈ ಹವ್ಯಾಸಕ್ಕೆ ಮೂರ್ನಾಲ್ಕು ಲಕ್ಷ ಹಾಕ್ಲೇಬೇಕು ಅನ್ನೋ ಅರ್ಥ ಬರೋ ಹಾಗೆ ಮುಗಿಸಿದ್ರಲ್ಲ, ಅದನ್ನ ಓದಿದ್ಮೇಲೆ ಸುಮ್ನಿರೋಕೆ ಆಗ್ಲಿಲ್ಲ. ನಮ್ ಕಡೆ ಪಿಯುಸಿ, ಡಿಗ್ರಿ ಓದೋ ಹುಡುಗ ಹುಡುಗೀರು ಇದನ್ನ ಓದಿ ಇದು ನಮ್ಮಂಥೋರಿಗಲ್ಲ ಬಿಡು ಅಂತ ಪೇಪರ್ ಮಡಚಿಟ್ರೆ ಅದು ದೊಡ್ಡ ನಷ್ಟ, ಯಾಕಂದ್ರೆ ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಪಾವಗಡ ಸುತ್ತಮುತ್ತಲ ಹೊಲಗಳಲ್ಲಿ ರಾತ್ರಿ ಕಾಣೋ ಆಕಾಶ ಬೆಂಗಳೂರಲ್ಲಿ ಎಷ್ಟು ದುಡ್ಡು ಕೊಟ್ರೂ ಸಿಗಲ್ಲ. ಇಲ್ಲಿ ಮಳೆ ಕಮ್ಮಿ, ಮೋಡ ಕಮ್ಮಿ. ವ್ಯವಸಾಯಕ್ಕೆ ಅದು ಕಷ್ಟವೇ, ಆದ್ರೆ ನಕ್ಷತ್ರ ನೋಡೋರಿಗೆ ಇಂಥ ಜಾಗ ಬೇಕು. ಅರ್ಧ ಬಂಡವಾಳ ಮನೆ ಬಾಗಿಲಲ್ಲೇ ಇದೆ ಅಂತ ಆಯ್ತಲ್ಲ. ಉಳಿದರ್ಧ ಹೇಗೆ ಹೊಂದಿಸ್ಕೊಳ್ಳೋದು ಅಂತ ಬರೀತಿದ್ದೀನಿ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ಮಗ ಆಕಾಶದ ಫೋಟೋ ತೆಗೀಬೇಕು ಅಂದ ಕೂಡ್ಲೇ ಅಪ್ಪ ಅಮ್ಮ ಮಾಡೋ ಮೊದಲ ಕೆಲಸ ಅಂದ್ರೆ ಆನ್‌ಲೈನಲ್ಲಿ ಟೆಲಿಸ್ಕೋಪ್ ಹುಡುಕೋದು. ಡಬ್ಬದ ಮೇಲೆ 525 ಪಟ್ಟು ದೊಡ್ಡದಾಗಿ ತೋರಿಸತ್ತೆ ಅಂತ ಬರ್ದಿರ್ತಾರೆ, ಶನಿಗ್ರಹದ ಬಣ್ಣದ ಚಿತ್ರ ಹಾಕಿರ್ತಾರೆ. ಒಂದು ಟೆಲಿಸ್ಕೋಪಿನ ಮುಂದಿನ ಮಸೂರ ಎಷ್ಟು ಮಿಲಿಮೀಟರ್ ಅಗಲ ಇದ್ಯೋ ಅದರ ಎರಡರಷ್ಟು ಪಟ್ಟಿಗಿಂತ ಜಾಸ್ತಿ ಹಿಗ್ಗಿಸಿದ್ರೆ ಕಾಣೋದು ಬರೀ ಮಬ್ಬು. ಅಂದ್ರೆ 60 ಮಿ.ಮೀ. ಟೆಲಿಸ್ಕೋಪಿಗೆ 120 ಪಟ್ಟು ಮಿತಿ, ಅದೂ ಗಾಳಿ ಶಾಂತವಾಗಿರೋ ಒಳ್ಳೇ ರಾತ್ರೀಲಿ ಮಾತ್ರ. ಅದರ ಜೊತೆ ಕೊಡೋ ಸ್ಟ್ಯಾಂಡು ಬೆರಳು ತಾಕಿದ್ರೆ ನಡುಗತ್ತೆ. ಅದ್ರಲ್ಲಿ ಚಂದ್ರನ ಕುಳಿಗಳನ್ನ ನೋಡಬಹುದು, ಗುರುವಿನ ನಾಲ್ಕು ಚಂದ್ರಗಳನ್ನೂ ನೋಡಬಹುದು, ಖುಷಿ ಕೊಡತ್ತೆ, ಬೇಡ ಅನ್ನಲ್ಲ. ಆದ್ರೆ ನೆಬ್ಯುಲಾ (ಆಕಾಶದಲ್ಲಿರೋ ಅನಿಲ, ಧೂಳಿನ ಮೋಡ), ಗ್ಯಾಲಕ್ಸಿ (ನಕ್ಷತ್ರಗಳ ಬೃಹತ್ ಗುಂಪು) ಫೋಟೋ ಅದ್ರಿಂದ ಬರಲ್ಲ.

ಯಾಕೆ ಬರಲ್ಲ ಅಂತ ಅರ್ಥ ಆದ್ರೆ ದುಡ್ಡು ಎಲ್ಲಿ ಹಾಕ್ಬೇಕು ಅನ್ನೋದು ತಾನೇ ತಿಳಿಯತ್ತೆ. ಭೂಮಿ ತಿರುಗ್ತಾನೇ ಇರತ್ತೆ, 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು. ಕ್ಯಾಮೆರಾದಲ್ಲಿ ಎಷ್ಟು ಹಿಗ್ಗಿಸಿ ನೋಡ್ತೀವೋ ಆ ಚಲನೆಯೂ ಅಷ್ಟೇ ಹಿಗ್ಗತ್ತೆ, ಚುಕ್ಕಿಯಾಗಿ ಬರಬೇಕಾದ ನಕ್ಷತ್ರ ಗೆರೆಯಾಗಿ ಬರತ್ತೆ. ಟೆಲಿಸ್ಕೋಪ್ ಹಾಕಿ ನಿಮಿಷಗಟ್ಟಲೆ ಎಕ್ಸ್‌ಪೋಷರ್ ಕೊಡಬೇಕಂದ್ರೆ, ಅಂದ್ರೆ ಅಷ್ಟು ಹೊತ್ತು ಬೆಳಕು ಒಳಗೆ ಬಿಡಬೇಕಂದ್ರೆ, ಆಕಾಶದ ಜೊತೆ ಕರಾರುವಾಕ್ಕಾಗಿ ತಿರುಗೋ ಮೌಂಟ್ (ಟೆಲಿಸ್ಕೋಪ್ ಕೂರಿಸೋ ಪೀಠ) ಬೇಕು, ಲಕ್ಷ ಹೋಗೋದು ಈ ಮೌಂಟಿಗೆ, ಟೆಲಿಸ್ಕೋಪಿನ ಕೊಳವೆಗಲ್ಲ. ಅದೇ ಅಗಲವಾಗಿ ನೋಡೋ ಚಿಕ್ಕ ಲೆನ್ಸ್ ಆದ್ರೆ ಭೂಮಿಯ ತಿರುಗಾಟ ಅಷ್ಟು ಕಾಡಲ್ಲ, ಸಾದಾ ಟ್ರೈಪಾಡೇ ಸಾಕು. ಹಾಗಾಗಿ ಬಜೆಟ್ ಕಮ್ಮಿ ಇರೋರು ಅಗಲದಿಂದ ಶುರು ಮಾಡಿ ನಿಧಾನಕ್ಕೆ ಹತ್ತಿರಕ್ಕೆ ಹೋಗ್ಬೇಕು. ಈ ಪತ್ರದಲ್ಲಿ ನಾನು ಹೇಳ್ಬೇಕಾಗಿರೋದು ಮುಖ್ಯವಾಗಿ ಇದೊಂದೇ.

ಈಗ ಕೈಯಲ್ಲಿರೋ ಮೊಬೈಲಿಂದಲೇ ಶುರು ಮಾಡಿ. ಪ್ರೋ ಮೋಡ್ ಇರೋ ಫೋನ್ ಆದ್ರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) 1600, ಶಟರ್ (ಬೆಳಕು ಒಳಗೆ ಬಿಡೋ ಸಮಯ) 15ರಿಂದ 20 ಸೆಕೆಂಡ್, ಫೋಕಸ್ ಕೈಯಿಂದ ಅನಂತಕ್ಕೆ ಇಟ್ಟು, 2 ಸೆಕೆಂಡ್ ಟೈಮರ್ ಹಾಕಿ, ಸ್ಟ್ಯಾಂಡಿನ ಮೇಲೆ ಇಟ್ಟು ಬಿಡಿ. ಸ್ಟ್ಯಾಂಡ್ ಇಲ್ವಾ, ಮರಳು ತುಂಬಿದ ಚೀಲದ ಮೇಲೆ ಒರಗಿಸಿ. ರಾ ಫೈಲ್ (ಫೋನ್ ತಾನಾಗಿ ತಿದ್ದದ ಕಚ್ಚಾ ಚಿತ್ರ) ಸೇವ್ ಮಾಡೋ ಆಯ್ಕೆ ಇದ್ರೆ ತಪ್ಪದೆ ಆನ್ ಮಾಡ್ಕೊಳ್ಳಿ, ಆಮೇಲೆ ಎಡಿಟ್ ಮಾಡುವಾಗ ಅದ್ರ ಬೆಲೆ ಗೊತ್ತಾಗತ್ತೆ. ಅಮಾವಾಸ್ಯೆ ಆಸುಪಾಸಲ್ಲಿ, ಮಾರ್ಚ್ ಏಪ್ರಿಲ್ ತಿಂಗಳ ಬೆಳಗಿನ ಜಾವ ದಕ್ಷಿಣದ ಕಡೆ ವೃಶ್ಚಿಕ, ಧನು ರಾಶಿ ಮೇಲೆ ಬಂದಿರತ್ತೆ, ಆಕಾಶಗಂಗೆಯ ದಟ್ಟವಾದ ಭಾಗ ಅಲ್ಲೇ ಇರೋದು, ಸಾಧಾರಣ ಫೋನಲ್ಲೂ ಅದು ಬೀಳತ್ತೆ. 2024ರ ಸೆಪ್ಟೆಂಬರ್ ಕೊನೇಲಿ, ಅಕ್ಟೋಬರಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಬಂದಾಗ ಬೆಂಗಳೂರಿನ ಜನ ತಾರಸಿ ಮೇಲೆ ನಿಂತು ಮೊಬೈಲಲ್ಲೇ ಅದರ ಬಾಲದ ಸಮೇತ ಹಿಡಿದಿದ್ರು, ಪೇಪರಲ್ಲೆಲ್ಲಾ ಬಂದಿತ್ತು. ಅಷ್ಟು ಬೆಳಕಿರೋ ಊರಲ್ಲೇ ಆಗತ್ತೆ ಅಂದ್ಮೇಲೆ ಹಳ್ಳಿಯಲ್ಲಿ ಯಾಕಾಗಲ್ಲ.

ಫೋನಲ್ಲಿ ಎರಡ್ಮೂರು ತಿಂಗಳು ಪಳಗಿದ ಮೇಲೂ ಆಸೆ ಹಾಗೇ ಇದ್ರೆ ಆವಾಗ ದುಡ್ಡು ಬಿಚ್ಚಿ. ಇದಕ್ಕೆ ಈಗಿನಷ್ಟು ಒಳ್ಳೇ ಕಾಲ ಹಿಂದೆ ಇರ್ಲಿಲ್ಲ, ಯಾಕಂದ್ರೆ ಮದುವೆ ಫೋಟೋ ತೆಗೆಯೋ ಸ್ಟುಡಿಯೋದೋರೆಲ್ಲಾ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೋಗ್ತಿದ್ದಾರೆ, ಅವರ ಹಳೇ ಡಿಎಸ್‌ಎಲ್‌ಆರ್‌ಗಳು ಬೀರು ಒಳಗೆ ಧೂಳು ತಿಂತಿವೆ. ಕ್ಯಾನನ್ 1100ಡಿ, 1200ಡಿ, 600ಡಿ, ನಿಕಾನ್ ಡಿ3200, ಡಿ5300 ಇಂಥವು 18-55 ಎಂಎಂ ಲೆನ್ಸ್ (ಎಂಎಂ ಜಾಸ್ತಿ ಆದಷ್ಟೂ ಹಿಗ್ಗಿ ಕಾಣತ್ತೆ) ಸಮೇತ ಹತ್ತರಿಂದ ಹದಿನೈದು ಸಾವಿರದ ಒಳಗೆ ಕೇಳಿದ್ರೆ ಸಿಗತ್ತೆ, ಊರಿಂದ ಊರಿಗೆ ರೇಟು ಹೆಚ್ಚು ಕಮ್ಮಿ ಇರತ್ತೆ, ಚೌಕಾಸಿ ಮಾಡಿ. ನಕ್ಷತ್ರಗಳಿಗೆ ಹೊಸ ಮಾಡೆಲ್, ಹಳೇ ಮಾಡೆಲ್ ಅಂತ ಏನಿಲ್ಲ, ಫೋನಿನ ಸೆನ್ಸರಿಗೆ ಹೋಲಿಸಿದ್ರೆ ಇವುಗಳ ಸೆನ್ಸರ್ ಎಷ್ಟೋ ಪಟ್ಟು ದೊಡ್ಡದು, ಅಷ್ಟು ಬೆಳಕು ಹಿಡಿಯತ್ತೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಒಂದಷ್ಟು ನೋಡ್ಕೊಳ್ಳಿ. ಲೆನ್ಸಿಗೆ ಹಿಂದಿನಿಂದ ಟಾರ್ಚ್ ಹಾಕಿ ನೋಡಿ, ಒಳಗೆ ಜೇಡರ ಬಲೆ ಥರ ಗೆರೆಗಳು ಕಂಡ್ರೆ ಅದು ಫಂಗಸ್, ಕರಾವಳಿ ಮಲೆನಾಡಿಂದ ಬಂದ ಲೆನ್ಸುಗಳಲ್ಲಿ ಇದು ಜಾಸ್ತಿ, ಅಂಥದ್ದು ಬೇಡ. ಲೆನ್ಸ್ ಮುಚ್ಚಳ ಹಾಕಿ 30 ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟು ನೋಡಿ, ಒಂದಿಷ್ಟು ಕೆಂಪು ನೀಲಿ ಚುಕ್ಕಿ ಎಲ್ಲಾ ಕ್ಯಾಮೆರಾದಲ್ಲೂ ಇರತ್ತೆ, ಪೂರ್ತಿ ಪಟ್ಟೆಪಟ್ಟೆ ಬಂದ್ರೆ ಬಿಟ್ಬಿಡಿ. ಫ್ಲಾಶ್ ಕೆಟ್ಟಿದೆ, ಆಟೋ ಫೋಕಸ್ ಕೆಲಸ ಮಾಡಲ್ಲ ಅಂತ ಕಮ್ಮಿಗೆ ಕೊಡ್ತಾರೆ ಅಂದ್ರೆ ಧಾರಾಳವಾಗಿ ತಗೊಳ್ಳಿ, ನಮಗೆ ಅವೆರಡೂ ಬೇಡ.

ಆಮೇಲೆ ಲೆನ್ಸ್. ಜೊತೆಗೆ ಬಂದ 18-55 ಆಕಾಶಗಂಗೆಗೆ ಸಾಕು, ಆದ್ರೆ 50 ಎಂಎಂ ಎಫ್/1.8 (ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಅಗಲಕ್ಕೆ ತೆರೆದು ಜಾಸ್ತಿ ಬೆಳಕು ಬಿಡತ್ತೆ) ಅನ್ನೋ ಚಿಕ್ಕ ಲೆನ್ಸ್ ಒಂದಿದೆ ನೋಡಿ, ಹಳೇದು ಐದಾರು ಸಾವಿರಕ್ಕೆ ಸಿಗತ್ತೆ, ಕಮ್ಮಿ ದುಡ್ಡಿಗೆ ಇಷ್ಟು ಬೆಳಕು ಹಿಡಿಯೋ ಗಾಜು ಬೇರೆ ಇಲ್ಲ. ಪೂರ್ತಿ ತೆರೆದು ಎಫ್/1.8ರಲ್ಲಿ ತೆಗೀಬೇಡಿ, ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಬಂದ ಹಾಗೆ ಆಗತ್ತೆ, ಎಫ್/2.8ಕ್ಕೆ ಇಳಿಸಿದ್ರೆ ಚೊಕ್ಕವಾಗಿ ಬರತ್ತೆ. ಟ್ರೈಪಾಡಿಗೆ ಎರಡ್ಮೂರು ಸಾವಿರ ಹಾಕಿ, ಹಗುರ ಇದ್ರೆ ನಡುವಿನ ಕೊಕ್ಕೆಗೆ ನೀರಿನ ಬಾಟಲಿ ಚೀಲ ನೇತುಹಾಕಿ. ಇನ್ನು ತಾನಾಗೇ ಒಂದರ ಹಿಂದೆ ಒಂದು ಫೋಟೋ ಕ್ಲಿಕ್ ಮಾಡೋ ವೈರಿನ ರಿಮೋಟ್, ಇಂಟರ್ವಲೋಮೀಟರ್ ಅಂತಾರೆ, ಒಂದು ಸಾವಿರದ ಒಳಗೆ. ಎಲ್ಲಾ ಸೇರಿ ಇಪ್ಪತ್ತು ಇಪ್ಪತ್ತೈದು ಸಾವಿರ ಆಯ್ತು. ಇದು ಸಣ್ಣ ದುಡ್ಡು ಅಂತ ನಾನು ಹೇಳಲ್ಲ, ಎಷ್ಟೋ ಮನೆಗೆ ಅದು ಎರಡು ತಿಂಗಳ ಸಂಬಳ, ಹಾಗಾಗಿ ಮೂರ್ನಾಲ್ಕು ಜನ ಗೆಳೆಯರು ಸೇರಿ ಹಾಕ್ಕೊಂಡ್ರೆ ಇನ್ನೂ ವಾಸಿ, ರಾತ್ರಿ ಹೊಲದಲ್ಲಿ ಒಬ್ಬೊಬ್ರೇ ಹೋಗೋದೂ ತಪ್ಪತ್ತೆ.

ನಕ್ಷತ್ರ ಗೆರೆಯಾಗದ ಹಾಗೆ ಎಷ್ಟು ಸೆಕೆಂಡ್ ಕೊಡಬಹುದು ಅಂತ ಎಲ್ರೂ ಕೇಳ್ತಾರೆ. 500ನ್ನ ಲೆನ್ಸಿನ ಎಂಎಂನಿಂದ ಭಾಗಿಸಿ, ಕ್ಯಾನನ್ನಿನ ಈ ಸೆನ್ಸರಿಗೆ ಇನ್ನೊಂದು 1.6ರಿಂದ ಭಾಗಿಸಿ, ನಿಕಾನ್ ಆದ್ರೆ 1.5. 18 ಎಂಎಂಗೆ 17 ಸೆಕೆಂಡ್, 50 ಎಂಎಂಗೆ 6 ಸೆಕೆಂಡ್ ಬಂತು. ನನ್ನ ಕೇಳಿದ್ರೆ 500 ಬದ್ಲು 300 ಹಿಡೀರಿ, ಯಾಕಂದ್ರೆ 600ಡಿ ಥರದ ಕ್ಯಾಮೆರಾದಲ್ಲಿ 50 ಎಂಎಂ ಹಾಕಿದ್ರೆ ನಕ್ಷತ್ರ ಹೆಚ್ಚು ಕಮ್ಮಿ ಸೆಕೆಂಡಿಗೆ ಒಂದು ಪಿಕ್ಸೆಲ್ ಸರಿಯತ್ತೆ, 4 ಸೆಕೆಂಡ್ ದಾಟಿದ್ರೆ ಮೊಟ್ಟೆ ಆಕಾರ ಕಾಣೋಕೆ ಶುರುವಾಗತ್ತೆ.

4 ಸೆಕೆಂಡಲ್ಲಿ ಏನ್ ಕಾಣತ್ತೆ ಅಂತ ನಿಮಗೆ ಅನ್ನಿಸಬಹುದು. ಒಂದು ಫೋಟೋದಲ್ಲಿ ಏನೂ ಕಾಣಲ್ಲ, ನಿಜ. ಮುನ್ನೂರು ಫೋಟೋ ತೆಗೀರಿ, ಒಟ್ಟು ಇಪ್ಪತ್ತು ನಿಮಿಷದ ಬೆಳಕು ಆಯ್ತು. ಇವನ್ನೆಲ್ಲಾ ಕಂಪ್ಯೂಟರಲ್ಲಿ ಒಂದರ ಮೇಲೊಂದು ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಸರಾಸರಿ ಮಾಡಿದ್ರೆ ನೆಬ್ಯುಲಾದ ಬೆಳಕು ಎಲ್ಲಾ ಫೋಟೋದಲ್ಲೂ ಅದೇ ಜಾಗದಲ್ಲಿ ಇರೋದ್ರಿಂದ ಉಳಿಯತ್ತೆ, ಕತ್ತಲಲ್ಲಿ ತೆಗೆದ ಫೋಟೋದಲ್ಲಿ ಕಾಣೋ ಕಾಳುಕಾಳು ಗದ್ದಲ (ನಾಯ್ಸ್) ಒಂದೊಂದ್ರಲ್ಲಿ ಒಂದೊಂದು ಥರ ಇರೋದ್ರಿಂದ ಕರಗತ್ತೆ. ಲೆಕ್ಕ ಹೇಗಂದ್ರೆ ಫೋಟೋ ಸಂಖ್ಯೆಯ ವರ್ಗಮೂಲದಷ್ಟು ಸುಧಾರಣೆ, ನೂರು ಫೋಟೋಗೆ ಹತ್ತು ಪಟ್ಟು, ಮುನ್ನೂರಕ್ಕೆ ಹದಿನೇಳು ಪಟ್ಟು. ಇದಕ್ಕೆ ಸ್ಟ್ಯಾಕಿಂಗ್ ಅಂತಾರೆ, ದುಬಾರಿ ಉಪಕರಣ ಮಾಡೋ ಕೆಲಸದಲ್ಲಿ ಬಹಳಷ್ಟನ್ನ ಇದೇ ಮಾಡ್ಕೊಡತ್ತೆ. ಸಾಫ್ಟ್‌ವೇರ್ ಎಲ್ಲಾ ಬಿಟ್ಟಿ, ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್, ಸೀಕ್ವೇಟರ್, ಆಮೇಲೆ ಬಣ್ಣ ತಿದ್ದೋಕೆ ಗಿಂಪ್, ಎಲ್ಲಿ ಏನಿದೆ ಅಂತ ನೋಡೋಕೆ ಸ್ಟೆಲೇರಿಯಮ್. ಒಂದು ಪೈಸೆ ಕೊಡೋ ಹಾಗಿಲ್ಲ, ಹಳೇ ಲ್ಯಾಪ್‌ಟಾಪ್ ಆದ್ರೆ ಹಚ್ಚಿ ಮಲಗಿ, ಬೆಳಿಗ್ಗೆ ಎದ್ದು ನೋಡಿ. ಫೋಟೋ ಮುಗಿದ ಕೂಡ್ಲೇ ಅಲ್ಲೇ ಲೆನ್ಸಿಗೆ ಮುಚ್ಚಳ ಹಾಕಿ ಅದೇ ಸೆಟ್ಟಿಂಗಲ್ಲಿ ಇಪ್ಪತ್ತು ಮೂವತ್ತು ಕಪ್ಪು ಫೋಟೋ ತೆಗೆದಿಟ್ಕೊಳ್ಳಿ, ಡಾರ್ಕ್ ಫ್ರೇಮ್ ಅಂತ, ಸೆನ್ಸರಿನ ಬಿಸಿಗೆ ಬರೋ ಚುಕ್ಕಿಗಳನ್ನ ಅದು ಕಳೀತದೆ. ಬೆಳಿಗ್ಗೆ ಲೆನ್ಸಿಗೆ ಬಿಳಿ ಬನಿಯನ್ ಬಿಗಿಯಾಗಿ ಕಟ್ಟಿ ಆಕಾಶದ ಕಡೆ ಹಿಡಿದು ಇನ್ನೊಂದಿಪ್ಪತ್ತು ತೆಗೆದ್ರೆ ಅದು ಫ್ಲ್ಯಾಟ್, ಮೂಲೆ ಕತ್ತಲು ಧೂಳಿನ ಕಲೆ ಎಲ್ಲಾ ಹೋಗತ್ತೆ. ರಾತ್ರಿ ಫೋಕಸ್ ಮಾಡಿದ ಮೇಲೆ ಆ ರಿಂಗ್ ಅಲ್ಲಾಡದ ಹಾಗೆ ಟೇಪ್ ಸುತ್ತಿಟ್ರೆ ಫ್ಲ್ಯಾಟಿಗೂ ಅದೇ ಫೋಕಸ್ ಉಳಿಯತ್ತೆ. ಆಟೋ ಫೋಕಸ್ ಬೇಡವೇ ಬೇಡ, ಲೈವ್ ವ್ಯೂನಲ್ಲಿ ಒಂದು ಪ್ರಕಾಶಮಾನ ನಕ್ಷತ್ರ ಹತ್ತು ಪಟ್ಟು ಹಿಗ್ಗಿಸಿ ಅದು ಚಿಕ್ಕದಾಗೋ ತನಕ ತಿರುಗಿಸಿ.

ಡಿಸೆಂಬರ್ ಜನವರಿಯಲ್ಲಿ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಸೊಂಟದ ಮೂರು ನಕ್ಷತ್ರದ ಕೆಳಗೆ ಕತ್ತಿ ಥರ ನೇತಾಡ್ತಿರೋದ್ರಲ್ಲಿ ನಡುವಿಂದು ಮಬ್ಬಾಗಿ ಕಾಣತ್ತಲ್ಲ, ಅದೇ ಒರಾಯನ್ ನೆಬ್ಯುಲಾ, ಸುಮಾರು 1,350 ಜ್ಯೋತಿರ್ವರ್ಷ ದೂರ, ಅಲ್ಲಿ ಈಗ್ಲೂ ನಕ್ಷತ್ರಗಳು ಹುಟ್ತಿವೆ. ಮೇಲೆ ಹೇಳಿದ ಸೆಟ್ಟಿಂಗಲ್ಲಿ, ಆಕಾಶದ ಜೊತೆ ಕ್ಯಾಮೆರಾ ತಿರುಗಿಸೋ ಟ್ರ್ಯಾಕರ್ ಇಲ್ದೇನೇ, ಅದರ ನೇರಳೆ ಗುಲಾಬಿ ಬಣ್ಣ ಬರತ್ತೆ. ಅದೇ ರಾತ್ರಿ ಕೃತ್ತಿಕೆ ತೆಗೀಬಹುದು. ನವೆಂಬರಲ್ಲಿ ದೇವಯಾನಿ (ಆಂಡ್ರೊಮೆಡಾ) ಗ್ಯಾಲಕ್ಸಿ, 25 ಲಕ್ಷ ಜ್ಯೋತಿರ್ವರ್ಷ ದೂರದ್ದು, ಆಕಾಶದಲ್ಲಿ ಅದರ ಉದ್ದ ಹುಣ್ಣಿಮೆ ಚಂದ್ರನ ಆರರಷ್ಟು ಇದೆ, ಮಂಕಾಗಿರೋದ್ರಿಂದ ನಮಗೆ ಗೊತ್ತಾಗಲ್ಲ ಅಷ್ಟೇ. ಇಷ್ಟು ದೊಡ್ಡದನ್ನ ಹಿಡಿಯೋಕೆ ಟೆಲಿಸ್ಕೋಪ್ ಯಾಕೆ ಬೇಕು ಹೇಳಿ.

ಇನ್ನೊಂದು ಹೆಜ್ಜೆ ಮುಂದೆ ಹೋಗ್ಬೇಕು ಅನ್ನೋರು ಬಾರ್ನ್ ಡೋರ್ ಟ್ರ್ಯಾಕರ್ ಮಾಡ್ಕೊಳ್ಳಿ, ಬಾಗಿಲ ಥರ ತೆರೆದು ಕ್ಯಾಮೆರಾನ ನಕ್ಷತ್ರಗಳ ಜೊತೆ ತಿರುಗಿಸೋ ಹಲಗೆ ಅದು, ಇದರ ಬಗ್ಗೆ ನನಗೆ ಎಷ್ಟು ಹೇಳಿದ್ರೂ ಸಾಲಲ್ಲ. 1975ರಲ್ಲಿ ಜಾರ್ಜ್ ಹೇಗ್ ಅನ್ನೋರು ಪ್ರಚಾರಕ್ಕೆ ತಂದ ಉಪಾಯ. ಎರಡು ಪ್ಲೈವುಡ್ ತುಂಡು, ಒಂದು ಬಾಗಿಲ ಹಿಂಜು, ಒಂದು ಎಂ6 ಥ್ರೆಡ್ ರಾಡು, ಅದಕ್ಕೆರಡು ನಟ್ಟು, ಮೇಲೆ ಕ್ಯಾಮೆರಾ ಕೂರಿಸೋಕೆ ಒಂದು ಬಾಲ್ ಹೆಡ್. ಎರಡು ಸಾವಿರದ ಆಸುಪಾಸಲ್ಲಿ ಮುಗಿಯತ್ತೆ, ಊರಿನ ಬಡಗಿ ಒಂದು ಮಧ್ಯಾಹ್ನದಲ್ಲಿ ಮಾಡ್ಕೊಡ್ತಾರೆ. ಎಂ6 ರಾಡು ಒಂದು ಸುತ್ತಿಗೆ 1 ಮಿ.ಮೀ. ಮುಂದೆ ಹೋಗತ್ತೆ, ಆಕಾಶ ಒಂದು ನಿಮಿಷಕ್ಕೆ ಕಾಲು ಡಿಗ್ರಿ ತಿರುಗತ್ತೆ, ಈ ಎರಡೂ ಹೊಂದ್ಬೇಕಂದ್ರೆ ಹಿಂಜಿನ ಮಧ್ಯದಿಂದ ರಾಡಿನ ಮಧ್ಯಕ್ಕೆ 228ರಿಂದ 229 ಮಿ.ಮೀ. ಇರಬೇಕು. ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದ್ರೆ ಮೇಲಿನ ಹಲಗೆ ನಕ್ಷತ್ರಗಳ ವೇಗದಲ್ಲೇ ತೆರೀತಾ ಹೋಗತ್ತೆ. ಕೈಯಲ್ಲೂ ತಿರುಗಿಸಬಹುದು, ಗಡಿಯಾರದ ಸೆಕೆಂಡ್ ಮುಳ್ಳಿನ ಜೊತೆಜೊತೆಗೇ. ಡಿಪ್ಲೊಮಾ, ಇಂಜಿನಿಯರಿಂಗ್ ಹುಡುಗರಾದ್ರೆ ಒಂದು ಆರ್ಡಿನೋ (ಮೋಟಾರ್ ನಿಯಂತ್ರಿಸೋ ಪುಟ್ಟ ಕಂಪ್ಯೂಟರ್ ಬೋರ್ಡು) ಮತ್ತೆ 28ಬಿವೈಜೆ-48 ಅನ್ನೋ ಪುಟ್ಟ ಸ್ಟೆಪ್ಪರ್ ಮೋಟಾರ್ ಹಾಕಿ ಓಡಿಸಬಹುದು, ಬೆಂಗಳೂರಿನ ಎಸ್.ಪಿ. ರೋಡಲ್ಲಿ ಎಲ್ಲಾ ಸಿಗತ್ತೆ. ಆವಾಗ 50 ಎಂಎಂ ಲೆನ್ಸಲ್ಲಿ 4 ಸೆಕೆಂಡ್ ಜಾಗದಲ್ಲಿ ಒಂದು ನಿಮಿಷ, ಎರಡು ನಿಮಿಷ ಕೊಡಬಹುದು.

ಇದ್ರಲ್ಲಿ ನಮ್ಮ ಕಡೆಯೋರು ಗಮನಿಸ್ಬೇಕಾದ ಒಂದು ವಿಷಯ ಇದೆ. ಹಿಂಜು ಧ್ರುವ ನಕ್ಷತ್ರದ ಕಡೆ ನೋಡ್ತಿರಬೇಕು, ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿದೆ ಅನ್ನೋದು ನಿಮ್ಮೂರಿನ ಅಕ್ಷಾಂಶ. ಇಂಟರ್‌ನೆಟ್ಟಲ್ಲಿ ಸಿಗೋ ಡ್ರಾಯಿಂಗೆಲ್ಲಾ ಯುರೋಪ್ ಅಮೆರಿಕದೋರು ಮಾಡಿದ್ದು, 40-50 ಡಿಗ್ರಿ ಓರೆಗೆ. ಚಿತ್ರದುರ್ಗದಲ್ಲಿ ಅದು 14 ಡಿಗ್ರಿ, ಬೆಂಗಳೂರು ಮಂಗಳೂರಲ್ಲಿ 13, ಬೀದರಲ್ಲಿ ಹತ್ತಿರ ಹತ್ತಿರ 18. ಅವರ ಅಳತೆ ಹಾಗೇ ಕಾಪಿ ಹೊಡೆದ್ರೆ ಏನೂ ಸರಿಹೋಗಲ್ಲ. ಧ್ರುವ ನಕ್ಷತ್ರ ಇಷ್ಟು ಕೆಳಗಿರೋದ್ರಿಂದ ಉತ್ತರದ ದಿಕ್ಕಲ್ಲಿ ಮನೆ, ಮರ, ಗುಡ್ಡ ಏನೂ ಅಡ್ಡ ಇರಬಾರ್ದು, ಜಾಗ ಆರಿಸುವಾಗಲೇ ಇದನ್ನ ನೋಡ್ಕೊಳ್ಳಿ. ಹಿಂಜಿನ ಪಕ್ಕ ಒಂದು ಖಾಲಿ ಬಾಲ್ ಪೆನ್ ಕೊಳವೆ ಅಂಟಿಸಿ ಅದ್ರೊಳಗಿಂದ ಧ್ರುವ ನಕ್ಷತ್ರ ಕಂಡ್ರೆ 50 ಎಂಎಂಗೆ ಅಷ್ಟು ಸಾಕು.

ಇದೇ ಕೆಳಗಿನ ಅಕ್ಷಾಂಶದಿಂದ ನಮಗೆ ಸಿಗೋ ಲಾಭ ಬೇರೆ ಇದೆ. ಲಂಡನ್ನಿನೋರು ತಮ್ಮೂರಲ್ಲಿ ಕೂತು ಯಾವತ್ತೂ ನೋಡೋಕಾಗದ ತ್ರಿಶಂಕು ನಕ್ಷತ್ರಪುಂಜ, ಅಗಸ್ತ್ಯ ನಕ್ಷತ್ರ, ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ, ಕರೀನಾ ನೆಬ್ಯುಲಾ ಎಲ್ಲಾ ನಮ್ಮ ದಕ್ಷಿಣ ದಿಗಂತದ ಮೇಲೆ ಬರತ್ತೆ. ಏಪ್ರಿಲ್ ರಾತ್ರಿ ಒಮೆಗಾ ಸೆಂಟಾರಿ 28 ಡಿಗ್ರಿ ತನಕ ಏರತ್ತೆ, 50 ಎಂಎಂ ಲೆನ್ಸಿಗೆ ಆರಾಮಾಗಿ ಸಿಗತ್ತೆ. ನಮ್ಮ ಹುಡುಗರು ಅದೇ ದೇವಯಾನಿ, ಅದೇ ಒರಾಯನ್ ಹಿಂದೆ ಬೀಳದೆ ಇವನ್ನ ತೆಗೀಬೇಕು ಅಂತ ನನ್ನಾಸೆ.

ಈಗ ಸ್ಮಾರ್ಟ್ ಟೆಲಿಸ್ಕೋಪ್ ಅಂತ ಬಂದಿದೆ, ಸೀಸ್ಟಾರ್ ಥರದ್ದು, ಮೊಬೈಲಲ್ಲಿ ಹೆಸರು ಒತ್ತಿದ್ರೆ ತಾನೇ ಹುಡುಕಿ ತಾನೇ ಫೋಟೋ ಜೋಡಿಸಿ ಕೊಡತ್ತೆ. ಒಳ್ಳೇ ಸಾಧನ. ವಯಸ್ಸಾದೋರಿಗೆ, ಬೆಂಗಳೂರಿನ ಬೆಳಕಲ್ಲಿ ಸಿಕ್ಕಿಹಾಕ್ಕೊಂಡೋರಿಗೆ, ನೂರಾರು ಮಕ್ಕಳಿಗೆ ಒಟ್ಟಿಗೆ ತೋರಿಸ್ಬೇಕಾದ ಶಾಲೆಗಳಿಗೆ ತಗೊಳ್ಳಿ ಅಂತಾನೇ ಹೇಳ್ತೀನಿ. ಆದ್ರೆ ಕಲೀಬೇಕು ಅನ್ನೋ ವಿದ್ಯಾರ್ಥಿ ಅಷ್ಟು ದುಡ್ಡು ಅದಕ್ಕೆ ಹಾಕೋದು ನನಗೆ ಒಪ್ಪಿಗೆ ಇಲ್ಲ, ಹಲಗೆ ಹಿಂಜು ಜೋಡಿಸಿದವನಿಗೆ ಭೂಮಿ ತಿರುಗೋದು ಕೈಗೇ ಗೊತ್ತಾಗತ್ತೆ.

ಹೊಲಕ್ಕೆ ಹೋಗೋರು ಜೋಪಾನ. ನಮ್ ಕಡೆ ಕರಡಿ, ಚಿರತೆ ಎರಡೂ ಇವೆ, ಹಾವಂತೂ ಸರಿಯೇ ಸರಿ. ಕಾಡಿನೊಳಗೆ ರಾತ್ರಿ ಹೋಗ್ಬೇಡಿ, ಅದಕ್ಕೆ ಅನುಮತಿಯೂ ಇರಲ್ಲ, ಪರಿಚಯದೋರ ತೋಟ ಹೊಲಕ್ಕೆ ಹೇಳಿ ಹೋಗಿ, ಗಂಬೂಟು ಹಾಕ್ಕೊಳ್ಳಿ, ಕೆಂಪು ಕಾಗದ ಸುತ್ತಿದ ಟಾರ್ಚ್ ಇಟ್ಕೊಳ್ಳಿ, ಕಣ್ಣು ಕತ್ತಲಿಗೆ ಒಗ್ಗಿರೋದು ಹಾಳಾಗಲ್ಲ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟ್ರು ಹಾಕೋಕೆ ಬರೋ ರೈತರು ಇರ್ತಾರೆ, ಅವರನ್ನ ಕರೆದು ಸ್ಕ್ರೀನಲ್ಲಿ ತೋರಿಸಿ, ರೋಹಿಣಿ, ಆರಿದ್ರಾ ಅಂತ ಮಳೆ ಲೆಕ್ಕ ಹಾಕೋ ಜನ ಅವರು, ನಿಮಗಿಂತ ಜಾಸ್ತಿ ಹೊತ್ತು ನೋಡ್ತಾರೆ. ಚಳಿಗಾಲದಲ್ಲಿ ಬೆಳಗಿನ ಜಾವಕ್ಕೆ ಲೆನ್ಸ್ ಮೇಲೆ ಇಬ್ಬನಿ ಕೂರತ್ತೆ, ಪವರ್ ಬ್ಯಾಂಕಿಗೆ ಹಾಕೋ ಯುಎಸ್‌ಬಿ ಹೀಟರ್ ಪಟ್ಟಿ ಒಂದು ಸುತ್ತಿದ್ರೆ ಬಟ್ಟೇಲಿ ಒರೆಸೋ ಕಷ್ಟ ತಪ್ಪತ್ತೆ. ಹಗಲಲ್ಲಿ ಮಾತ್ರ ಸೂರ್ಯನ ಕಡೆ ಕ್ಯಾಮೆರಾ ತಿರುಗಿಸ್ಬೇಡಿ, ಸೋಲಾರ್ ಫಿಲ್ಟರ್ ಇಲ್ದಿದ್ರೆ ಸೆನ್ಸರೂ ಹೋಗತ್ತೆ ಕಣ್ಣೂ ಹೋಗತ್ತೆ. 2027ರ ಆಗಸ್ಟ್ 2ಕ್ಕೆ ನಮ್ಮಲ್ಲಿ ಭಾಗಶಃ ಸೂರ್ಯಗ್ರಹಣ ಇದೆ, ಆವಾಗ ಈ ಮಾತು ಮರೀಬೇಡಿ.

ಇಷ್ಟೆಲ್ಲಾ ಕಮ್ಮಿ ದುಡ್ಡಲ್ಲಿ ಆಗತ್ತೆ, ಆದ್ರೆ ಕತ್ತಲೆ ಇದ್ರೆ ಮಾತ್ರ, ಆ ಕತ್ತಲೆ ನಮ್ಮ ಕಣ್ಮುಂದೇನೇ ಕಮ್ಮಿ ಆಗ್ತಿದೆ. ಹಳ್ಳಿ ಸರ್ಕಲ್ಲಿಗೊಂದು ಹೈಮಾಸ್ಟ್ ದೀಪ, ಬಿಳಿ ಎಲ್‌ಇಡಿ, ತಲೆ ಮೇಲೆ ಮುಚ್ಚಳ ಇಲ್ಲ, ರಸ್ತೆಗೆ ಬೀಳಬೇಕಾದ ಬೆಳಕು ಆಕಾಶಕ್ಕೂ ಹೋಗತ್ತೆ, ಅದ್ರಲ್ಲಿರೋ ನೀಲಿ ಅಂಶ ಗಾಳಿಯಲ್ಲಿ ಜಾಸ್ತಿ ಚದುರತ್ತೆ. ಲೈಟ್ ಬೇಡ ಅಂತ ಯಾರೂ ಹೇಳ್ತಿಲ್ಲ, ಹೆಣ್ಮಕ್ಕಳು ವಯಸ್ಸಾದೋರು ಓಡಾಡೋ ಜಾಗದಲ್ಲಿ ಲೈಟ್ ಇರ್ಲೇಬೇಕು. ಕೆಳಗೆ ಮಾತ್ರ ಬೀಳೋ ಹಾಗೆ ಮುಚ್ಚಳ ಹಾಕಿ, ಬೆಚ್ಚಗಿನ ಹಳದಿ ಬಲ್ಬ್ ಹಾಕಿ, ಮಧ್ಯರಾತ್ರಿ ಮೇಲೆ ಕಮ್ಮಿ ಮಾಡಿ, ಪಂಚಾಯ್ತಿಗೆ ಕರೆಂಟ್ ಬಿಲ್ಲೂ ಉಳಿಯತ್ತೆ. ಲಡಾಖಿನ ಹಾನ್ಲೆಯನ್ನ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಅಂತ ಮಾಡಿದ್ರು, ಅಲ್ಲಿರೋ ವೀಕ್ಷಣಾಲಯ ನಡೆಸೋದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯೇ. ಮಹಾರಾಷ್ಟ್ರದ ಪೆಂಚ್ ಹುಲಿ ಅಭಯಾರಣ್ಯಕ್ಕೂ 2024ರಲ್ಲಿ ಡಾರ್ಕ್ ಸ್ಕೈ ಪಾರ್ಕ್ ಅನ್ನೋ ಮಾನ್ಯತೆ ಸಿಕ್ತು. ನಮ್ಮ ಬಯಲುಸೀಮೆಯಲ್ಲಿ ಒಂದು ಹೋಬಳಿಯನ್ನಾದ್ರೂ ಹಾಗೆ ಉಳಿಸ್ಕೊಳ್ಳೋಕೆ ಜಿಲ್ಲಾಡಳಿತ ಮನಸ್ಸು ಮಾಡ್ಬೇಕು.

ಎಷ್ಟೋ ಹೈಸ್ಕೂಲುಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ, 3ಡಿ ಪ್ರಿಂಟರ್ ಇದೆ, ಆರ್ಡಿನೋ ಇದೆ. ಅಲ್ಲಿನ ಮೇಷ್ಟ್ರುಗಳು ಈ ವರ್ಷ ಮಕ್ಕಳ ಕೈಲಿ ಒಂದು ಬಾರ್ನ್ ಡೋರ್ ಟ್ರ್ಯಾಕರ್ ಮಾಡಿಸಲಿ, ಒಂದು ಹಳೇ ಡಿಎಸ್‌ಎಲ್‌ಆರ್ ಶಾಲೆಗೆ ಅಂತ ಹಳೇ ವಿದ್ಯಾರ್ಥಿಗಳ ಹತ್ರ ಕೇಳಿ ತಗೊಳ್ಳಲಿ. ನಿಮ್ಮ ಪತ್ರಿಕೆಯೂ ರಾಶಿ ಭವಿಷ್ಯಕ್ಕೆ ಕೊಡೋ ಜಾಗದಲ್ಲಿ ಕಾಲು ಭಾಗ ತೆಗೆದು ತಿಂಗಳಿಗೊಮ್ಮೆ ಚಂದ್ರ ಇಲ್ಲದ ರಾತ್ರಿಗಳು ಯಾವುವು, ಯಾವ ಗ್ರಹ ಎಲ್ಲಿದೆ, ಕರ್ನಾಟಕದಿಂದ ಏನು ತೆಗೀಬಹುದು ಅಂತ ಹಾಕಿ, ಓದುಗರು ಕಳಿಸೋ ಫೋಟೋನೂ ಹಾಕಿ. ಫೋಟೋ ಕೆಳಗೆ ತೆಗೆದವರ ಹೆಸರಿನ ಜೊತೆ ಯಾವ ಕ್ಯಾಮೆರಾ, ಎಷ್ಟು ಸೆಕೆಂಡ್, ಎಷ್ಟು ಖರ್ಚು ಅಂತ ಒಂದು ಸಾಲು ಇರ್ಲಿ, ಡಿಸೆಂಬರಿನ ಮಹಾವ್ಯಾಧನ ಫೋಟೋಗಳಿಂದಲೇ ಶುರು ಮಾಡಬಹುದು.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ